ಕೊಕ್ಕರೆ ದೋಣಿ ಹತ್ತಿದ್ದು

ಸೋಮವಾರ, ಹದಿನಾಲ್ಕನೇ ತಾರೀಖು
ಡ್ರೈವಿಂಗ್ ಸ್ಕೂಲಿನ ಕಾರಿನೊಳಗಿಂದ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ನಾವಿಲ್ಲಿ ಚೆನ್ನಾಗಿದ್ದೇವೆ, ನೀನೂ ಅಲ್ಲಿ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ ಅಂತ ಬರೆಯಬೇಕಾದ ಜಾಗ ಇದು. ಆದರೆ ನೀನು ಚೆನ್ನಾಗಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಹೇಳುತ್ತಲೇ ಇರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಗೆ ಬೆನ್ನು ಹಾಕಿ ಕೂರುತ್ತೀಯಂತೆ. ಓಟದ ಬೂಟುಗಳನ್ನು ಅಟ್ಟಕ್ಕೆ ಹಾಕಿಸಿದೆಯಂತೆ, ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟೆಯಂತೆ. ಹಾಗಾಗಿ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಕಾಗದ ತಡವಾಯಿತು, ಕ್ಷಮಿಸು. ಒಂದೇ ಊರಿನ ಈ ತುದಿಯಿಂದ ಆ ತುದಿಗೆ ಕಾಗದ ಬರೆಯುವವರು ಯಾರಾದರೂ ಇದ್ದಾರೆಯೇ ಎಂದು ನಗಬೇಡ. ನೀನು ಫೋನ್ ಎತ್ತುವುದಿಲ್ಲ. ಕಾಗದವಾದರೆ ಓದದೆ ಬಿಡಲಾರೆ ಎಂದು ನನಗೆ ಗೊತ್ತು. ಹೇಳಿಕೇಳಿ ನೀನು ಬೋರ್ಡು ಬರೆಯುವವನು, ಯಾರ ಅಕ್ಷರ ಕಣ್ಣಿಗೆ ಬಿದ್ದರೂ ಅದರ ಸೊಟ್ಟ ಹುಡುಕದೆ ನಿನಗೆ ಊಟ ಸೇರುವುದಿಲ್ಲ. ಹುಡುಕು. ನನ್ನ ಸಾಲುಗಳು ಬಲಕ್ಕೆ ಜಾರಿದ್ದರೆ ತಪ್ಪು ನನ್ನದಲ್ಲ, ಸ್ಟಿಯರಿಂಗಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮುಂದಿನ ಪಾಠಕ್ಕೆ ಬರಬೇಕಾದ ಹೆಂಗಸು ಇನ್ನೂ ಬಂದಿಲ್ಲ. ಬ್ರೇಕ್ ಎಂದರೆ ಆಕ್ಸಿಲರೇಟರ್ ತುಳಿಯುವ ಮಹಾತಾಯಿ. ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ನನ್ನ ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇರುವುದರಿಂದ ಈ ಕಾಗದ ಬರೆಯಲು ನಾನು ಉಳಿದಿದ್ದೇನೆ.

ಮೊದಲು ಜಗಳ ಮುಗಿಸಿಬಿಡೋಣ. ಕ್ಲಬ್ಬಿಗೆ ರಾಜೀನಾಮೆ ಕಳಿಸುವ ಮುಂಚೆ ನನಗೆ ಒಂದು ಮಾತು ಹೇಳಬಾರದಿತ್ತೇ? ನನಗೆ ವಿಷಯ ತಿಳಿದದ್ದು ಕ್ಲಬ್ಬಿನ ಅಧ್ಯಕ್ಷರಿಂದ, ಅಂದರೆ ನಮ್ಮ ಔಷಧಿ ಅಂಗಡಿಯವರಿಂದ. ನಮ್ಮನೆಯವರ ಹಲ್ಲು ಕಟ್ಟುವ ಲ್ಯಾಬಿಗೆ ನಾನು ಬುತ್ತಿ ಕೊಡಲು ಹೋದಾಗ ಅವರು ನಿನ್ನ ಪತ್ರ ಹಿಡಿದುಕೊಂಡೇ ಬಂದರು. ಒಳಗೆ ಬಂದವರಿಗೆ ಎಲ್ಲಿ ನೋಡಬೇಕು ಎಂದೇ ತಿಳಿಯಲಿಲ್ಲ. ಇವರ ಲ್ಯಾಬು ಹಾಗೆಯೇ, ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ಊರವರ ದವಡೆಗಳೆಲ್ಲ ಪ್ಲಾಸ್ಟರಿನಲ್ಲಿ ಒಣಗುತ್ತಿರುತ್ತವೆ. ಅಧ್ಯಕ್ಷರ ಕೆಳದವಡೆಯೂ ಎರಡನೇ ಸಾಲಿನಲ್ಲಿತ್ತು. ಅವರು ಅದನ್ನು ಗುರುತು ಹಿಡಿದು ಸ್ವಲ್ಪ ನಾಚಿಕೊಂಡರು.

ಪತ್ರವನ್ನು ಗಟ್ಟಿಯಾಗಿ ಓದಿದರು. “ಕನಿಷ್ಠ ಮೂರು ಆಟ ಆಡಬಲ್ಲವರಿಗೆ ಮಾತ್ರ ಇಲ್ಲಿ ಸದಸ್ಯತ್ವ ಎಂಬ ನಿಯಮವನ್ನು ಮಾಡಿದವನು ನಾನೇ. ಆ ನಿಯಮದ ಪ್ರಕಾರ ಇನ್ನು ಮುಂದೆ ನನಗೆ ಇಲ್ಲಿ ಜಾಗವಿಲ್ಲ.” ಅಣ್ಣ, ಇದು ಪ್ರಾಮಾಣಿಕತೆಯಲ್ಲ, ಮೊಂಡುತನ. ಸೈಕಲ್ಲಿನಿಂದ ಬಿದ್ದು ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡವನನ್ನು, ಎಡ ಭುಜ ಮೇಲೇಳದವನನ್ನು ಯಾವ ಕ್ಲಬ್ಬು ಹೊರಗೆ ಹಾಕುತ್ತದೆ? ಯಾರೂ ಹಾಕದಿದ್ದರೆ ನಾನೇ ಹಾಕಿಕೊಳ್ಳುತ್ತೇನೆ ಎಂದು ಹೊರಟಿದ್ದೀಯ.

ಇವರು ಏನು ಮಾಡಿದರು ಎಂದು ಹೇಳಿದರೆ ನೀನು ನಂಬುವುದಿಲ್ಲ. ಕೈಯಲ್ಲಿದ್ದ ಮೇಣದ ಚಾಕುವನ್ನು ಕೆಳಗಿಟ್ಟರು. ಕೆಲಸದ ನಡುವೆ ಇವರು ಚಾಕು ಕೆಳಗಿಡುವುದನ್ನು ಮದುವೆಯಾದಾಗಿನಿಂದ ನಾನು ಕಂಡದ್ದು ಕಡಿಮೆ.

“ಭಾವ ಇಲ್ದೆ ಆ ಕ್ಲಬ್ಬಲ್ಲಿ ಇನ್ನೇನಿದೆ? ಒಂದು ಶೆಡ್ಡು, ನಾಲ್ಕು ದೋಣಿ. ಸಭೆ ಯಾವಾಗ?” ಎಂದು ಕೇಳಿದರು.

“ಪಂದ್ಯ ಆದ ಮುಂದಿನ ಶನಿವಾರ. ಆದ್ರೆ ಸಭೆಯಲ್ಲಿ ಮಾತಾಡೋಕೆ ಸದಸ್ಯರಾಗಿರ್ಬೇಕು,” ಎಂದರು ಅಧ್ಯಕ್ಷರು.

“ಸದಸ್ಯೆ ನಾನಿದ್ದೀನಲ್ಲ, ನಾನು ಮಾತಾಡ್ತೀನಿ,” ಎಂದೆ ನಾನು.

“ನೀನು ತಂಗಿ. ತಂಗಿ ಮಾತು ಯಾರು ಲೆಕ್ಕಕ್ಕೆ ತಗೋತಾರೆ?” ಎಂದು ಇವರು ನನ್ನನ್ನು ಬದಿಗೆ ಸರಿಸಿ, “ಸದಸ್ಯ ಆಗೋಕೆ ಏನು ಮಾಡ್ಬೇಕು?” ಎಂದು ಕೇಳಿದರು.

ಅಧ್ಯಕ್ಷರು ಇಲ್ಲದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕರು. “ನೀವಾ? ಬೋರ್ಡು ಓದಿಲ್ವಾ? ಪಂದ್ಯದ ದಿನ ಗುಡ್ಡ ಹತ್ತಿ ಓಡ್ಬೇಕು, ಕೆರೆ ಸುತ್ತ ಸೈಕಲ್ ಹೊಡೀಬೇಕು, ಆಮೇಲೆ ಕೆರೆ ಅಡ್ಡ ಹುಟ್ಟು ಹಾಕ್ಬೇಕು. ಗೆಲ್ಲೋದೇನೂ ಬೇಡ, ಮೂರೂ ಮುಗಿಸಿದ್ರೆ ಸಾಕು.”

“ಸರಿ, ಹೆಸರು ಬರ್ಕೊಳ್ಳಿ,” ಎಂದು ಹೇಳಿ ಇವರು ಮತ್ತೆ ಚಾಕು ಎತ್ತಿಕೊಂಡರು.

ಕೊಕ್ಕರೆ! ಇವರಿಗೆ ನೀನೇ ಇಟ್ಟ ಹೆಸರು. ಗಾಳದ ಕೋಲು ಹಿಡಿದು ಕ್ಲಬ್ಬಿನ ಬೇಲಿಯಾಚೆ, ಕೆರೆ ದಡದ ಕಲ್ಲಿನ ಮೇಲೆ ಕೂತರೆ ಅಲುಗಾಡದ ಮನುಷ್ಯ. ನೀನು ಓಡಿ ಬಂದು, ಈಜಿ ಬಂದು, ಹುಟ್ಟು ಹಾಕಿ ಬಂದು ನೋಡಿದರೂ ಇವರು ಅಲ್ಲೇ, ಅದೇ ಕಲ್ಲಿನ ಮೇಲೆ. ನೀವಿಬ್ಬರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಡೆಯುತ್ತಿದ್ದ ಜಗಳ ಈಗಲೂ ನನ್ನ ಕಿವಿಯಲ್ಲಿದೆ. “ಎರಡು ಕೈ, ಎರಡು ಕಾಲು ಇರೋದು ಒಂದು ಕಡ್ಡಿ ಹಿಡ್ಕೊಂಡು ಕೂರೋಕಾ ಭಾವ? ಒಂದನ್ನೇ ಮಾಡ್ತಾ ಕೂತ್ರೆ ಮೈಯ ಮುಕ್ಕಾಲು ಭಾಗ ಹಾಗೇ ಜಂಗು ಹಿಡಿಯುತ್ತೆ,” ಎಂದು ನೀನು. ಇವರು ಮುಳ್ಳು ಬಿಡಿಸುವಷ್ಟು ನಿಧಾನವಾಗಿ, “ನೀವು ಆ ಕೆರೇನ ಎಲ್ಲಾ ಥರದಲ್ಲೂ ದಾಟಿದ್ದೀರಿ ಭಾವ. ಒಂದು ಸಲನಾದ್ರೂ ನೋಡಿದ್ದೀರಾ?” ಎಂದು ಕೇಳುತ್ತಿದ್ದರು. ನೀನು ತಟ್ಟೆ ಬಿಟ್ಟು ಎದ್ದರೆ ಅತ್ತಿಗೆ ಅಂಗಿ ಹಿಡಿದು ಕೂರಿಸುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಾಡದೆ ನಿಮಗೆ ಊಟ ಅರಗುತ್ತಿರಲಿಲ್ಲ.

ತರಬೇತಿ ಶುರುವಾಯಿತು. ಮೊದಲ ದಿನ ಬೀದಿಯ ಕೊನೆಯ ಹಾಲಿನ ಬೂತಿನವರೆಗೆ ಓಡಿ, ವಾಪಸ್ ಆಟೋದಲ್ಲಿ ಬಂದರು. ನಾನು ನಕ್ಕಿದ್ದಕ್ಕೆ ಸಂಜೆಯವರೆಗೆ ಮಾತು ಬಿಟ್ಟರು. ಸೈಕಲ್ಲಿನದು ಇನ್ನೊಂದು ಕಥೆ. ಹೊಡೆಯಲು ಬರುತ್ತದೆ, ಆದರೆ ದಾರಿಯಲ್ಲಿ ಎಲ್ಲಿ ಮೋರಿ ಸಿಕ್ಕರೂ, ಕಾಲುವೆ ಸಿಕ್ಕರೂ ಇಳಿದು ಬಗ್ಗಿ ನೋಡಬೇಕು. ಹೀಗೆ ಬಗ್ಗಿ ನೋಡುತ್ತ ನೋಡುತ್ತ ಒಂದು ದಿನ ಲ್ಯಾಬಿಗೆ ಎಷ್ಟು ತಡವಾಗಿ ಹೋದರೆಂದರೆ, ಅಂದೇ ಹಲ್ಲಿನ ಸೆಟ್ಟು ಸಿಗಬೇಕಿದ್ದ ಮುದುಕರೊಬ್ಬರು ಬಾಗಿಲಲ್ಲಿ ಕಾದು ಕಾದು ಗಂಜಿ ಕುಡಿಯಲು ಮನೆಗೆ ಹೋಗಿಬಿಟ್ಟಿದ್ದರು.

ದೋಣಿಯಂತೂ ಬುಗುರಿಯ ಹಾಗೆ ನಿಂತಲ್ಲೇ ಸುತ್ತಿತು. ನಾನು ದಡದಲ್ಲಿ ನಿಂತು, ಕಾರು ಕಲಿಸುವ ಹಾಗೆ, “ಎಡಗೈ ಸಡಿಲ ಬಿಡಿ, ಈಗ ಬಲಗೈ,” ಎಂದು ಕೂಗಿ ಗಂಟಲು ಹರಿದುಕೊಂಡೆ. ಮೂರನೇ ಭಾನುವಾರ ಹೇಗೋ ಆಚೆ ದಡ ಮುಟ್ಟಿದರು. ಕೆರೆ ಸುತ್ತಿ ಅಲ್ಲಿಗೆ ಹೋಗಿ ನಿಂತಿದ್ದ ನನ್ನನ್ನೂ ವಾಪಸ್ ಬರುವಾಗ ಹತ್ತಿಸಿಕೊಂಡರು. ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ ತಮ್ಮ ಕಲ್ಲಿನ ಕಡೆ ಕೈ ತೋರಿಸಿದರು.

“ನಾನು ಕೂರೋ ಜಾಗ ಇಲ್ಲಿಂದ ಹೀಗೆ ಕಾಣುತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣೇ. ಎಷ್ಟು ಚಿಕ್ಕದು ನೋಡು. ಅದರ ಹಿಂದೆ ಅಷ್ಟು ದೊಡ್ಡ ಮರ ಇದೆ, ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿ ಕೂತಿದ್ದೀನಿ.” ಆಮೇಲೆ ಹುಟ್ಟನ್ನು ಮತ್ತೆ ನೀರಿಗಿಳಿಸುತ್ತಾ, “ಭಾವ ಹೇಳ್ತಿದ್ದದ್ರಲ್ಲಿ ಒಂಚೂರು ಸತ್ಯ ಇತ್ತು. ಇದನ್ನ ಅವರಿಗೆ ಮಾತ್ರ ಹೇಳ್ಬೇಡ,” ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬರೆಯುವುದಿಲ್ಲ ಎಂದು ಕೊಟ್ಟಿಲ್ಲ.

ಹೆಂಗಸು ಬಂದಳು. ಇವತ್ತು ಹಿಂದಕ್ಕೆ ತೆಗೆಯುವ ಪಾಠ. ಬದುಕಿದ್ದರೆ ನಾಳೆ ಬರೆಯುತ್ತೇನೆ.

ಮಂಗಳವಾರ, ಬೆಳಿಗ್ಗೆ

ಬದುಕಿದ್ದೇನೆ. ಸ್ಕೂಲಿನ ಗೇಟು ಮಾತ್ರ ಸ್ವಲ್ಪ ಬಗ್ಗಿದೆ.

ಪಂದ್ಯದ ದಿನದ ವಿಷಯ ಹೇಳುತ್ತೇನೆ, ಯಾಕೆಂದರೆ ಬೇರೆಯವರು ನಿನಗೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಗುಡ್ಡದ ಓಟದಲ್ಲಿ ಇವರು ಎಲ್ಲರಿಗಿಂತ ಹಿಂದೆ. ನಾನು ಎರಡನೇ ತಿರುವಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಏದುಸಿರು ಬಿಡುತ್ತಾ ಬಂದವರು, “ನೀನ್ಯಾಕೆ ಇಲ್ಲಿ?” ಎಂದರು. ಚಪ್ಪಲಿ ಸರಿ ಮಾಡಿಕೊಳ್ಳುತ್ತಿದ್ದೆ ಎಂದೆ. ಮುಂದಕ್ಕೆ ಓಡಿದರು, ಓಡಿದರು ಎನ್ನುವುದು ನನ್ನ ಅಭಿಮಾನದ ಮಾತು. ಸೈಕಲ್ಲಿನ ಚೈನು ಕಳಚಿದಾಗ ಮಾತ್ರ ಇವರ ಮುಖ ಅರಳಿತು. ಜೇಬಿನಿಂದ ಗಾಳದ ಕೊಕ್ಕೆ ಬಿಡಿಸುವ ಚಿಕ್ಕ ಇಕ್ಕಳ ತೆಗೆದು, ಕೂತು, ಅವಸರವಿಲ್ಲದೆ ಅದನ್ನು ಹಲ್ಲು ಹಲ್ಲಿಗೆ ಕೂರಿಸಿದರು. ಸೈಕಲ್ಲಿನಲ್ಲಿ ಹೇಗೋ ಹಿಂದೆ ಹಾಕಿದ್ದ ಒಬ್ಬನೇ ಒಬ್ಬನೂ ಮುಂದೆ ಹೋದ.

ಆಮೇಲೆ ದೋಣಿ. ಉಳಿದವರೆಲ್ಲ ದಡ ಸೇರಿ, ಬಟ್ಟೆ ಬದಲಾಯಿಸಿ, ಬನ್ನು ತಿನ್ನುತ್ತಿದ್ದರು. ಕೆರೆಯ ಮೇಲೆ ಇವರ ದೋಣಿ ಒಂದೇ. ಚೆನ್ನಾಗಿಯೇ ಬರುತ್ತಿತ್ತು. ನಡುವೆ ಬಂದದ್ದೇ ತಡ, ನಿಂತಿತು. ಹುಟ್ಟುಗಳು ಎರಡೂ ನೀರಿನ ಮೇಲೆ. ಇವರು ಒಂದು ಕಡೆಗೆ ಬಾಗಿ ಕೂತಿದ್ದಾರೆ, ಅಲುಗಾಡುತ್ತಿಲ್ಲ.

ಅಧ್ಯಕ್ಷರು ಮೈಕು ಕಿತ್ತುಕೊಂಡು, “ಏನಾಯ್ತು? ಎದೆ ನೋವಾ? ದೋಣಿ ಕಳಿಸ್ಲಾ?” ಎಂದು ಕೂಗಿದರು. ದಡದ ತುಂಬ ಗಲಾಟೆ. ಆಗ ಇವರು ನಿಧಾನವಾಗಿ ಒಂದು ಕೈ ಎತ್ತಿದರು. ಎತ್ತಿದ ಕೈಯ ಬೆರಳನ್ನು ತುಟಿಯ ಮೇಲೆ ಇಟ್ಟರು. ಇಡೀ ಕ್ಲಬ್ಬಿಗೆ, ಅಣ್ಣ, ಮೈಕು ಹಿಡಿದ ಅಧ್ಯಕ್ಷರಿಗೆ, ಸುಮ್ಮನಿರಿ ಎಂದರು!

ಮೀನು ಎದ್ದಿತ್ತು. ಸದಸ್ಯತ್ವ, ನಿಯಮ, ನಿನ್ನ ರಾಜೀನಾಮೆ, ಮೂರು ವಾರ ಬೆವರು ಸುರಿಸಿದ್ದು, ಎಲ್ಲವೂ ಒಂದು ಮೀನು ಎದ್ದ ಗಳಿಗೆಯಲ್ಲಿ ಇವರ ತಲೆಯಿಂದ ಹಾರಿಹೋಗಿತ್ತು. ನನಗೆ ಬಂದ ಸಿಟ್ಟಿಗೆ ನೀರಿಗೆ ಹಾರಿ ಹೋಗಿ ಎರಡು ಬಾರಿಸಬೇಕು ಅನ್ನಿಸಿತು.

ಆದರೆ ದಡದಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟರು. ಬನ್ನು ತಿನ್ನುತ್ತಿದ್ದವರೂ ಬಾಯಿ ನಿಲ್ಲಿಸಿದರು. ಆ ಕ್ಲಬ್ಬಿನಲ್ಲಿ ಅಷ್ಟು ಜನ ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಇಲ್ಲ. ಆಗ ದೋಣಿಯ ಪಕ್ಕದಲ್ಲಿ ನೀರು ಉಬ್ಬಿತು. ಒಂದಲ್ಲ, ಒಂದು ದೊಡ್ಡ ಗುಂಪು. ಬೆನ್ನುಗಳು ಎದ್ದು ಮುಳುಗಿ, ಎದ್ದು ಮುಳುಗಿ, ಬಿಸಿಲಿನಲ್ಲಿ ಮಿನುಗುತ್ತ ದಡದ ಕಡೆಗೇ ಬಂದವು. ಇಷ್ಟು ವರ್ಷ ಆ ನೀರನ್ನು ಕಡೆದು ಕಡೆದು ದಾಟಿದವರು ನಾವು. ಅದರಲ್ಲಿ ಇಷ್ಟು ಜನ ವಾಸವಾಗಿದ್ದಾರೆ ಎಂದು ನಮಗೆ ಗೊತ್ತೇ ಇರಲಿಲ್ಲ. ಅಧ್ಯಕ್ಷರು ಮೈಕು ಬಾಯಿಯ ಹತ್ತಿರ ಇರುವುದನ್ನು ಮರೆತು “ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ,” ಎಂದದ್ದು ಕೆರೆಯ ಆಚೆಗೂ ಕೇಳಿಸಿತು.

ಮೀನು ಹೋದ ಮೇಲೆ ಇವರು ಹುಟ್ಟು ಎತ್ತಿಕೊಂಡು ಬಂದರು. ಸಮಯ ನೋಡುವವರು ಗಡಿಯಾರವನ್ನು ಪೆಟ್ಟಿಗೆಗೆ ಹಾಕಿ ಆಗಿತ್ತು. ಆದರೂ ಮೂರೂ ಮುಗಿದವು, ಸದಸ್ಯರಾದರು.

ಈಗ ಸಭೆ. ಕಳೆದ ಶನಿವಾರ ಸಂಜೆ, ದೋಣಿಯ ಶೆಡ್ಡಿನಲ್ಲಿ, ಮಗುಚಿದ ದೋಣಿಗಳ ಮೇಲೆ ಎಲ್ಲರೂ ಕೂತಿದ್ದರು. ಅಧ್ಯಕ್ಷರು ಇವರ ಸದಸ್ಯತ್ವದ ಕಾರ್ಡು ಮುಂದೆ ಚಾಚಿದರು. ಇವರು ತೆಗೆದುಕೊಳ್ಳಲಿಲ್ಲ. ಎದ್ದು ನಿಂತರು. ಅಂಗಿಯ ಗುಂಡಿ ಮುಟ್ಟಿಕೊಂಡರು. ಭಾಷಣವೆಂದರೆ ಇವರಿಗೆ ಎಷ್ಟು ಭಯ ಎಂದು ನಿನಗೆ ಗೊತ್ತು, ನಮ್ಮ ಮದುವೆಯಲ್ಲಿ ವಂದನೆ ಹೇಳಲಾರದೆ ಕೈ ಮುಗಿದು ಕೂತುಬಿಟ್ಟಿದ್ದರು.

“ನಂಗೆ ಬರೋದು ಒಂದೇ ಆಟ. ಪಂದ್ಯಕ್ಕೋಸ್ಕರ ಮೂರು ಮಾಡ್ದೆ. ದೋಣಿ ಇಷ್ಟ ಆಯ್ತು, ಓಟ ಇಷ್ಟ ಆಗ್ಲಿಲ್ಲ. ಇಲ್ಲಿ ಕೂತಿರೋರಲ್ಲಿ ಅರ್ಧ ಜನಕ್ಕೆ ಹುಟ್ಟು ಹಿಡಿಯೋದು ಹೇಳ್ಕೊಟ್ಟಿದ್ದು ನಮ್ಮ ಭಾವ. ಅವರಿಗೆ ಇಲ್ಲಿ ಜಾಗ ಇಲ್ಲ, ನಂಗೆ ಇದೆ ಅಂದ್ರೆ ಈ ಲೆಕ್ಕ ನಂಗೆ ಅರ್ಥ ಆಗಲ್ಲ. ಅವರು ಹೊರಗೆ ಹೋಗೋ ಗೇಟಲ್ಲಿ ನಾನು ಒಳಗೆ ಬರಲ್ಲ.”

ಇಷ್ಟೇ. ಕೂತರು. ನನ್ನ ಗಂಡನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಈಚೆಗೆ ನೆನಪಿಲ್ಲ. ಇದನ್ನು ಅತ್ತಿಗೆಗೆ ಓದಿ ಹೇಳಬೇಡ.

ನಿನ್ನ ರಾಜೀನಾಮೆಯನ್ನು ಯಾರೂ ಒಪ್ಪಲಿಲ್ಲ. ನಿಯಮವನ್ನು ತೆಗೆಯುವುದು ಎಂದಾಯಿತು. ಹಾಗಂತ ಎಲ್ಲರೂ ಒಂದೇ ಸಲಕ್ಕೆ ತಲೆಯಾಡಿಸಿದರು ಎಂದುಕೊಳ್ಳಬೇಡ. ಒಬ್ಬರು, ಎಲ್ಲ ಆಟದ ರುಚಿ ನೋಡದೆ ಒಂದನ್ನು ಹಿಡಿಯುವುದು ತಪ್ಪು ಎಂದು ನಿನ್ನ ಮಾತನ್ನೇ ನಿನ್ನ ದನಿಯಲ್ಲೇ ವಾದಿಸಿದರು. ಅವರ ಮಾತು ಸುಳ್ಳಲ್ಲ ಎಂದು ಇವರೇ ಒಪ್ಪಿಕೊಂಡರು. ರುಚಿ ನೋಡಲಿ, ಆದರೆ ಗೇಟಿನ ಹೊರಗೆ ನಿಲ್ಲಿಸಿ ಪರೀಕ್ಷೆ ಮಾಡುವುದು ಬೇಡ ಎಂದು ತೀರ್ಮಾನವಾಯಿತು.

ಆಮೇಲೆ ತೊಡಕು ಬಂತು. ಗೇಟಿನ ಬೋರ್ಡಿನ ಮೇಲೆ “ಒಂದೇ ಆಟದವರಿಗೆ ಪ್ರವೇಶವಿಲ್ಲ” ಎಂದು ಕೆಂಪು ಬಣ್ಣದಲ್ಲಿ ನೀನು ಬರೆದಿದ್ದೀಯಲ್ಲ, ಅದನ್ನು ಅಳಿಸಿ ಬೇರೆ ಬರೆಯಬೇಕು. ಅಧ್ಯಕ್ಷರು ಉತ್ಸಾಹದಿಂದ ಚಾಕ್ ಹಿಡಿದು ಗುರುತು ಹಾಕಲು ಹೋದರು. ದಿನವಿಡೀ ಡಾಕ್ಟರುಗಳ ಚೀಟಿ ಓದುವವರ ಅಕ್ಷರ ಹೇಗಿರುತ್ತದೆ ಹೇಳು. ಅದನ್ನು ಓದಲು ಇನ್ನೊಬ್ಬ ಔಷಧಿ ಅಂಗಡಿಯವರೇ ಬೇಕು. ಬರೆದವನೇ ಬಂದು ಅಳಿಸಲಿ, ಏನು ಬರೆಯಬೇಕೆಂಬುದನ್ನೂ ಅವನೇ ಹೇಳಲಿ ಎಂದು ಎಲ್ಲರೂ ಎದ್ದರು. ನಿನ್ನ ಬಲಗೈಗೆ ಏನೂ ಆಗಿಲ್ಲ, ಬ್ರಷ್ಷುಗಳನ್ನು ಅಟ್ಟಕ್ಕೆ ಹಾಕಿಲ್ಲ ಎಂದು ಅತ್ತಿಗೆಯಿಂದ ಖಾತ್ರಿ ಮಾಡಿಕೊಂಡಿದ್ದೇನೆ.

ಇನ್ನೊಂದು ವಿಷಯ. ಇವರ ಕಲ್ಲಿನ ಪಕ್ಕದಲ್ಲಿ ಈಗ ಒಂದು ಕುರ್ಚಿ ಬಂದಿದೆ. ನಗಬೇಡ, ಹಲ್ಲಿನ ಡಾಕ್ಟರರ ಕುರ್ಚಿ. ಹಳೆಯದಾಯಿತೆಂದು ಒಬ್ಬ ಡಾಕ್ಟರು ಹಿತ್ತಲಲ್ಲಿ ಬಿಸಾಕಿದ್ದನ್ನು ಇವರು ಕೇಳಿ ತಂದರು. ತುಕ್ಕು ಕೆರೆದು, ಎಣ್ಣೆ ಬಿಟ್ಟು, ಕೈಗಾಡಿಯಲ್ಲಿ ಸಾಗಿಸಿ ದಡದಲ್ಲಿ ಊರಿದ್ದಾರೆ. ಕಾಲಿನಲ್ಲಿ ಒತ್ತಿದರೆ ಮೇಲೇಳುತ್ತದೆ. ಸೊಂಟದ ಕೀಲು ಬದಲಾಯಿಸಿದವರು ತಗ್ಗಿನಲ್ಲಿ ಕೂರಬಾರದು, ಮಂಡಿಗಿಂತ ಸೊಂಟ ಮೇಲಿರಬೇಕು ಎಂದು ನಿನ್ನ ಮೂಳೆ ಡಾಕ್ಟರನ್ನು ಹೋಗಿ ಕೇಳಿಕೊಂಡು ಬಂದಿದ್ದಾರೆ. ಹೋಗುವವರು ಬರುವವರೆಲ್ಲ ಕೆರೆಯ ದಡದಲ್ಲಿ ಹಲ್ಲು ಕೀಳುತ್ತಾರೇನೋ ಎಂದು ನಿಂತು ನೋಡುತ್ತಾರೆ.

“ಅಣ್ಣ ಬಂದ್ರೆ ಗಾಳ ಹೇಳ್ಕೊಡ್ತೀರಾ?” ಎಂದು ಕೇಳಿದೆ. “ಅವರ ಕೈಲಿ ಆಗಲ್ಲ ಬಿಡು. ಹತ್ತು ನಿಮಿಷ ಬಾಯಿ ಮುಚ್ಕೊಂಡು ಕೂರೋ ಮನುಷ್ಯನಾ ಅವರು?” ಎಂದರು. ಇದನ್ನು ಹೇಳಬೇಡ ಎಂದು ಇವರು ಹೇಳಿಲ್ಲ. ನೀನು ಕೇಳಿ ಉರಿದುಕೊಳ್ಳಲಿ ಎಂದೇ ಹೇಳಿದ್ದಾರೆ.

ನಾನು ನಿನಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಓಡುತ್ತಿದ್ದವನಿಗೆ ಗಾಳದ ಕೋಲು ಓಟದ ಬದಲಿಯಲ್ಲ. ಗುಡ್ಡದ ತುದಿಯಲ್ಲಿ ನಿನ್ನ ಬೆವರಿದ ಮುಖ ಹೇಗಿರುತ್ತಿತ್ತು ಎಂದು ನನಗೆ ಗೊತ್ತು. ಅದು ಹೋಯಿತು ಎಂದು ನಾನೂ ಅತ್ತಿದ್ದೇನೆ. ಆದರೆ ಕೆರೆ ಅಲ್ಲೇ ಇದೆ, ಮೀನುಗಳು ಅಲ್ಲೇ ಇವೆ, ಕೊಕ್ಕರೆಯೂ ಅಲ್ಲೇ ಇದೆ, ಕಾರ್ಡು ತೆಗೆದುಕೊಳ್ಳದೆ ಬೇಲಿಯ ಹೊರಗೇ ಕೂತಿದೆ. ಎಲ್ಲ ಆಟದ ರುಚಿ ನೋಡಿದವನು ನೀನು, ಇದೊಂದನ್ನು ಮಾತ್ರ ಉಳಿಸಿಕೊಂಡಿದ್ದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ದೊಡ್ಡವನು ನೀನು, ಆಶೀರ್ವಾದ ಮಾಡಬೇಕಾದವನು ನೀನು. ನನಗಲ್ಲದಿದ್ದರೂ, ಇವತ್ತು ಮುಖ್ಯರಸ್ತೆಗೆ ಇಳಿಯಲಿರುವ ಆ ಹೆಂಗಸಿಗಾದರೂ ಮಾಡು.

ಇಂತಿ ನಿನ್ನ,
ಬಾಲಂಗೋಚಿ

ಮಡಿಸುವ ಮುಂಚೆ ಇನ್ನೊಂದು ಮಾತು:

ರಾಜೀನಾಮೆಯ ಕೊನೆಯ ಸಾಲನ್ನು ಅಧ್ಯಕ್ಷರು ಓದದೆ ಬಿಟ್ಟಿದ್ದರು. ಆಮೇಲೆ ನಾನೇ ಇಸಿದುಕೊಂಡು ಓದಿದೆ. “ಯಾವ ಆಟಕ್ಕೂ ಬಾರದವನಿಂದ ಯಾರಿಗೂ ಪ್ರಯೋಜನವಿಲ್ಲ” ಎಂದು ಬರೆದಿದ್ದೀಯ. ಅಣ್ಣ, ನಾನು ಯಾವ ಆಟಕ್ಕೆ ಬರುತ್ತಿದ್ದೆ? ಚಿಕ್ಕಂದಿನಿಂದ ಎಲ್ಲದರಲ್ಲೂ ಕೊನೆಯವಳು, ಕ್ಲಬ್ಬಿಗೆ ಸೇರಿದ್ದೂ ಮೂರನ್ನೂ ಕೊನೆಯವಳಾಗಿ ಮುಗಿಸಿಯೇ. ಅದಕ್ಕೇ ತಾನೇ ನೀನು ಈ ಹೆಸರಿಟ್ಟದ್ದು. ಗುಡ್ಡ ಹತ್ತುವಾಗ ನಿನ್ನ ಗೆಳೆಯರೆಲ್ಲ ಮುಂದೆ ಓಡಿಹೋಗುತ್ತಿದ್ದರು. ಪಕ್ಕೆ ಹಿಡಿದುಕೊಂಡು ನಾನು ಬರುವಾಗ, ಪ್ರತಿ ತಿರುವಿನಲ್ಲೂ ನೀನು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಇರುತ್ತಿದ್ದೆ. ನಾನು ಹತ್ತಿರ ಬಂದ ಕೂಡಲೇ ತಿರುಗಿ ನೋಡದೆ ಓಡುತ್ತಿದ್ದೆ. ಆ ಲೇಸು ಎಂದೂ ಬಿಚ್ಚಿರಲಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನಾನು ಗುಡ್ಡಕ್ಕೆ ಬರುತ್ತಿದ್ದದ್ದು ಗುಡ್ಡಕ್ಕೋಸ್ಕರ ಅಲ್ಲ.

ನೀನು ಬಿದ್ದ ಮೇಲೆ ಎಷ್ಟೋ ಸಲ ನಿನ್ನ ಬಾಗಿಲಿಗೆ ಬಂದೆ. ಮಲಗಿದ್ದಾನೆ ಎಂದು ಹೇಳಿಸಿ ಕಳಿಸಿದೆ. ಒಳಗೆ ನಿನ್ನ ಊರುಗೋಲಿನ ಸದ್ದು ಕೇಳುತ್ತಿತ್ತು. ಬಿದ್ದ ಸುದ್ದಿ ಕೇಳಿ ಅತ್ತದ್ದಕ್ಕಿಂತ ಹೆಚ್ಚು ಆ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ.

ಈ ಭಾನುವಾರ ಬೆಳಿಗ್ಗೆ ನಿನ್ನ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿರುತ್ತೇನೆ. ಬಾಗಿಲಿಗೆ ಬರುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ. ಕೋಲು ಊರಿಕೊಂಡು ಎಷ್ಟು ನಿಧಾನವಾಗಿ ಬೇಕಾದರೂ ಬಾ. ನಾನು ಬಾನೆಟ್ ಎತ್ತಿ ಏನೋ ರಿಪೇರಿ ಮಾಡುತ್ತಾ ಇರುತ್ತೇನೆ.